ಕತ್ತಿನ ಕಪ್ಪು ಕೊಳೆಯಲ್ಲ

ಇವತ್ತು ರಾಜಕೀಯ ಬೇಡ. ಯಾರು ದೆಹಲಿಗೆ ಹೋದರು, ಯಾರು ಸಿಟ್ಟು ಮಾಡಿಕೊಂಡು ಮೊಬೈಲ್ ಸ್ವಿಚ್ ಆಫ್ ಮಾಡಿದರು ಅನ್ನೋದನ್ನೆಲ್ಲ ಒಂಬತ್ತು ಗಂಟೆ ಸುದ್ದಿಯಲ್ಲಿ ನೋಡಿದ್ದೀರಿ. ಇನ್ನು ಸ್ವಲ್ಪ ಹೊತ್ತು ನಮ್ಮ ಮನೆಯ ಒಂದು ವಿಷಯ ಹೇಳ್ತೀನಿ. ನಮ್ಮ ಮನೆಯದು ಅಂದೆ. ಕೇಳಿ ಮುಗಿಸೋ ಹೊತ್ತಿಗೆ ಅದು ನಿಮ್ಮ ಮನೆಯದೂ ಆಗಿರಬಹುದು.

ಹೋದ ವರ್ಷ ಆಷಾಢದಲ್ಲಿ ಗುಂಡ್ಲುಪೇಟೆಗೆ ಹೋಗಿದ್ದೆ. ನಮ್ಮಕ್ಕನ ಮನೆ ಅಲ್ಲೇ. ಆ ತಿಂಗಳಲ್ಲಿ ಆ ಕಡೆ ಹೋದವರಿಗೆ ಗೊತ್ತು, ರಸ್ತೆ ಪಕ್ಕದ ಹೊಲಗಳಲ್ಲಿ ಸೂರ್ಯಕಾಂತಿ, ಚೆಂಡು ಹೂವು ಅರಳಿ ನಿಂತಿರುತ್ತೆ. ಕೇರಳದಿಂದ ಕಾರಲ್ಲಿ ಬಂದವರು ಹೂವಿನ ಮಧ್ಯೆ ನಿಂತು ಫೋಟೊ ತೆಗೆಸಿಕೊಳ್ತಾ ಇರ್ತಾರೆ. ಊರಿನ ಮಕ್ಕಳೆಲ್ಲ ಬೀದಿಯಲ್ಲಿದ್ದರು. ನಮ್ಮಕ್ಕನ ಮಗ ಮಾತ್ರ ಒಳಗೆ ಮಂಚದ ಮೇಲೆ, ಕೈಯಲ್ಲಿ ಫೋನು. ಹನ್ನೆರಡು ವರ್ಷ, ಏಳನೇ ಕ್ಲಾಸು. ಅರವತ್ತೆರಡು ಕೆ.ಜಿ.

ಭಾನುವಾರ ಬೆಳಗ್ಗೆ ಬಚ್ಚಲಮನೆಯಿಂದ ಅಕ್ಕನ ಗದರಿಕೆ ಕೇಳಿಸ್ತು. ತೆಂಗಿನ ನಾರು ತಗೊಂಡು ಅವನ ಕತ್ತು ಉಜ್ಜುತ್ತಾ ಇದ್ದಳು. "ಎಷ್ಟು ಉಜ್ಜಿದ್ರೂ ಹೋಗ್ತಾ ಇಲ್ಲ ಕನೋ. ಇವನಿಗೆ ನೆಟ್ಟಗೆ ಸ್ನಾನ ಮಾಡಕ್ಕೆ ಬರಲ್ಲ." ಕತ್ತಿನ ಹಿಂದೆ ಕಪ್ಪಗೆ, ದಪ್ಪಗೆ, ವೆಲ್ವೆಟ್ ಬಟ್ಟೆ ಥರ ಒಂದು ಪಟ್ಟಿ. ಕಂಕುಳಲ್ಲೂ ಅದೇ. ಉಜ್ಜಿ ಉಜ್ಜಿ ಸುತ್ತಲಿನ ಚರ್ಮ ಕೆಂಪಾಗಿತ್ತು. ಹುಡುಗ ತಲೆ ಬಗ್ಗಿಸಿ ನಿಂತಿದ್ದ, ಒಂದು ಮಾತೂ ಆಡಲಿಲ್ಲ.

ಅವನ ಅಜ್ಜಿ ಜಗಲಿ ಮೇಲಿಂದ ಹೇಳಿದರು: "ಬುಡು ಮಗ, ತಿನ್ನೊ ವಯಸ್ಸು. ತುಂಬಿದ ಮಕ್ಕ ಅಂದ್ರ ಮನಗ ಚಂದ." ಭಾವ ನಕ್ಕರು. ಸ್ಕೂಲಲ್ಲಿ ಅವನಿಗೆ ಒಂದು ಹೆಸರಿದೆ ಅಂತ ಅವನ ತಂಗಿ ಹೇಳಿದಳು. ಟಿಪ್ಪರ್. ನಮ್ಮ ಕಡೆ ಕಲ್ಲು, ಜಲ್ಲಿ ತುಂಬಿಕೊಂಡು ಓಡಾಡುತ್ತಲ್ಲ, ಆ ಟಿಪ್ಪರ್. ಅದಕ್ಕೂ ಎಲ್ಲರೂ ನಕ್ಕರು. ನಾನೂ ನಕ್ಕೆ. ಅದನ್ನ ಮೊದಲೇ ಒಪ್ಪಿಕೊಂಡುಬಿಡ್ತೀನಿ.

ಆಮೇಲೆ ನಾನು ಮಾಡಿದ ಬುದ್ಧಿವಂತಿಕೆ ಕೇಳಿ. ನಾನು ಇಂಜಿನಿಯರಿಂಗ್ ಓದಿದವನು. ಒಳಗೆ ಹೋಗೋದು ಕಡಿಮೆ ಆಗಬೇಕು, ಹೊರಗೆ ಖರ್ಚಾಗೋದು ಜಾಸ್ತಿ ಆಗಬೇಕು, ಲೆಕ್ಕ ಮುಗೀತು. ಥರ್ಮೊಡೈನಮಿಕ್ಸ್‌ನ ಮೊದಲ ನಿಯಮ, ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದೀನಿ. ಹುಡುಗನನ್ನ ಕೂರಿಸಿಕೊಂಡು ಒಂದು ಒಪ್ಪಂದ ಮಾಡಿಕೊಂಡೆ: "ದಸರಾ ಹೊತ್ತಿಗೆ ಐದು ಕೆ.ಜಿ. ಇಳಿಸು, ಗೇರ್ ಸೈಕಲ್ ಕೊಡಿಸ್ತೀನಿ."

ಮೂರು ವಾರ ಆಗಿತ್ತು. ಒಂದು ಸೋಮವಾರ ಪ್ರಾರ್ಥನೆ ಹೊತ್ತಲ್ಲಿ ಹುಡುಗ ಕುಸಿದು ಬಿದ್ದ ಅಂತ ಸ್ಕೂಲಿಂದ ಫೋನ್ ಬಂತು. ವಿಚಾರಿಸಿದರೆ, ಬೆಳಗಿನ ತಿಂಡಿ ಬಿಟ್ಟಿದ್ದ, ಮಧ್ಯಾಹ್ನದ ಊಟ ಬಿಟ್ಟಿದ್ದ. ಹಸಿವು ತಡೆಯಲಾರದೆ ರಾತ್ರಿ ಎಲ್ಲರೂ ಮಲಗಿದ ಮೇಲೆ ಎದ್ದು ತಿಂತಾ ಇದ್ದ. ಅಕ್ಕಿ ಡಬ್ಬದ ಹಿಂದೆ ಅಕ್ಕನಿಗೆ ಚಿಪ್ಸ್, ಬಿಸ್ಕತ್ತಿನ ಖಾಲಿ ಪೊಟ್ಟಣಗಳು ಸಿಕ್ಕವು. ತೂಕ ನೋಡಿದರೆ ಒಂದೂವರೆ ಕೆ.ಜಿ. ಏರಿತ್ತು. ಅವನು ಫೋನಲ್ಲಿ ನನ್ನ ಹತ್ತಿರ ಹೇಳಿದ್ದು ಒಂದೇ ಮಾತು: "ಸಾರಿ ಮಾವ, ನನ್ ಕೈಲಿ ಆಗ್ಲಿಲ್ಲ."

ವೀಕ್ಷಕರೇ, ದಿನಾ ಮಂತ್ರಿಗಳನ್ನ ಇಲ್ಲಿ ಕೂರಿಸಿ ಪ್ರಶ್ನೆ ಕೇಳೋ ನನಗೆ ಆ ಮಾತಿಗೆ ಉತ್ತರ ಸಿಗಲಿಲ್ಲ.

ಮೈಸೂರಿನಲ್ಲಿ ಮಕ್ಕಳ ಡಾಕ್ಟರೊಬ್ಬರ ಹತ್ತಿರ ಕರೆದುಕೊಂಡು ಹೋದೆವು. ನನ್ನ ಥರ್ಮೊಡೈನಮಿಕ್ಸ್ ಅವರ ಮುಂದೆಯೂ ಬಿಚ್ಚಿದೆ. ಅವರು ಸಮಾಧಾನವಾಗಿ ಕೇಳಿ ಹೇಳಿದರು: "ನಿಯಮ ಸರಿಯಾಗೇ ಇದೆ. ಆದರೆ ಬಾಯ್ಲರ್‌ಗೆ ಹಸಿವಾಗಲ್ಲ. ಬಾಯ್ಲರನ್ನ ಯಾರೂ ಟಿಪ್ಪರ್ ಅಂತ ಕರೆಯಲ್ಲ."

ಕತ್ತಿನ ಕಪ್ಪಿಗೆ ಒಂದು ಹೆಸರಿದೆ, ಅಕಾಂಥೋಸಿಸ್ ನೈಗ್ರಿಕಾನ್ಸ್. ಹೆಸರು ಮರೆತರೂ ಪರವಾಗಿಲ್ಲ, ವಿಷಯ ಮರೀಬೇಡಿ. ರಕ್ತದ ಸಕ್ಕರೆಯನ್ನ ಜೀವಕೋಶದ ಒಳಗೆ ಕಳಿಸೋದು ಇನ್ಸುಲಿನ್. ಕೊಬ್ಬು ಹೆಚ್ಚಾದಾಗ ದೇಹ ಇನ್ಸುಲಿನ್ ಮಾತು ಕೇಳೋದನ್ನ ಕಡಿಮೆ ಮಾಡುತ್ತೆ. ಮೇದೋಜೀರಕ ಗ್ರಂಥಿ ಬಿಡಲ್ಲ, ಇನ್ನೂ ಜಾಸ್ತಿ ಇನ್ಸುಲಿನ್ ಸುರಿಯುತ್ತೆ. ಆ ಹೆಚ್ಚುವರಿ ಇನ್ಸುಲಿನ್ ಚರ್ಮದ ಕೋಶಗಳನ್ನ ಬೆಳೆಸುತ್ತೆ. ಕತ್ತು, ಕಂಕುಳು ಕಪ್ಪಾಗೋದು ಹಾಗೆ. ಅದು ಒಳಗಿನಿಂದ ಬಂದಿರೋ ನೋಟಿಸು. ನಮ್ಮಕ್ಕ ಆ ನೋಟಿಸನ್ನ ತೆಂಗಿನ ನಾರಲ್ಲಿ ಅಳಿಸೋಕೆ ನೋಡ್ತಾ ಇದ್ದಳು. ಎಷ್ಟು ಮನೆಗಳ ಬಚ್ಚಲಲ್ಲಿ ಇದೇ ನಡೀತಾ ಇದೆಯೋ!

ಇದು ನಮ್ಮೊಬ್ಬರ ಮನೆ ಕಥೆ ಅಂದುಕೊಳ್ಳಬೇಡಿ. 2024ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಂದಾಜಿನ ಪ್ರಕಾರ ಭಾರತದಲ್ಲಿ 5ರಿಂದ 19 ವರ್ಷದೊಳಗೆ ಬೊಜ್ಜು ಇರೋರು 2022ರಲ್ಲಿ ಸುಮಾರು 1 ಕೋಟಿ 25 ಲಕ್ಷ. 1990ರಲ್ಲಿ ಇದು ಸುಮಾರು 4 ಲಕ್ಷ ಇತ್ತು. ಐದು ವರ್ಷದೊಳಗಿನ ಮಕ್ಕಳಲ್ಲಿ ಅತಿತೂಕ ಇರೋರು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೇ ಸುತ್ತಿನಲ್ಲಿ ಶೇ 2.1, ಐದನೇ ಸುತ್ತಿನಲ್ಲಿ ಶೇ 3.4. ಕೇಂದ್ರ ಸರ್ಕಾರ 2016ರಿಂದ 18ರವರೆಗೆ ನಡೆಸಿದ ಸಮಗ್ರ ಪೌಷ್ಟಿಕಾಂಶ ಸಮೀಕ್ಷೆ ಇನ್ನೊಂದು ಮಾತು ಹೇಳಿತು: ಶಾಲೆಗೆ ಹೋಗೋ ವಯಸ್ಸಿನ ಹತ್ತು ಮಕ್ಕಳಲ್ಲಿ ಒಬ್ಬರ ರಕ್ತದ ಸಕ್ಕರೆ ಆಗಲೇ ಮಧುಮೇಹದ ಹೊಸ್ತಿಲಲ್ಲಿದೆ.

ಈಗ ನಿಮ್ಮಲ್ಲಿ ಕೆಲವರು ಕೇಳ್ತೀರಿ. ಸ್ವಾಮಿ, ಚಾಮರಾಜನಗರ ಜಿಲ್ಲೆ ಅಂತೀರಿ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಹಾಡಿ ಇರೋ ಜಿಲ್ಲೆ. ಅಲ್ಲಿ ಹೊಟ್ಟೆ ತುಂಬ ಊಟ ಇಲ್ಲದ ಮಕ್ಕಳಿರುವಾಗ ತಿಂದು ದಪ್ಪ ಆದವರ ಬಗ್ಗೆ ಕಾರ್ಯಕ್ರಮವಾ? ಪ್ರಶ್ನೆ ನ್ಯಾಯವಾದದ್ದೇ. ಅದೇ ಐದನೇ ಸುತ್ತಿನ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳಿಗೆ ವಯಸ್ಸಿಗೆ ತಕ್ಕ ಎತ್ತರ ಇಲ್ಲ. ಆ ಮಕ್ಕಳ ಪಾಲಿನ ಒಂದು ರೂಪಾಯಿ ಕೂಡ ಈ ಕಡೆ ತಿರುಗಬಾರದು.

ಆದರೆ ಈ ಎರಡೂ ಬೇರೆ ಬೇರೆ ಕಥೆ ಅಂತ ತಿಳಿದರೆ ತಪ್ಪಾಗುತ್ತೆ. ಅದಕ್ಕೆ ಸಾಕ್ಷಿ ನಮ್ಮ ಪಕ್ಕದ ಮೈಸೂರಲ್ಲೇ ಇದೆ. ಜನ ಮಿಷನ್ ಆಸ್ಪತ್ರೆ ಅಂತ ಕರೆಯೋ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದದ ದಾಖಲೆ ಜೋಪಾನ ಮಾಡಿದ್ದರು. ಆ ಮಕ್ಕಳನ್ನ ದೊಡ್ಡವರಾದ ಮೇಲೆ ಹುಡುಕಿ ಹೃದಯ, ಸಕ್ಕರೆ ಪರೀಕ್ಷೆ ಮಾಡಿದರು. 1997-98ರಲ್ಲಿ ಅಲ್ಲೇ ಗರ್ಭಿಣಿಯರನ್ನ ಸೇರಿಸಿಕೊಂಡು ಪಾರ್ಥೆನಾನ್ ಅಧ್ಯಯನ ಅಂತ ಇನ್ನೊಂದನ್ನ ಶುರು ಮಾಡಿ, ಹುಟ್ಟಿದ ಮಕ್ಕಳನ್ನ ವರ್ಷಗಟ್ಟಲೆ ಹಿಂಬಾಲಿಸಿದರು. ಡಾ. ಜಿ.ವಿ. ಕೃಷ್ಣವೇಣಿ, ಇಂಗ್ಲೆಂಡಿನ ಕ್ಯಾರೊಲಿನ್ ಫಾಲ್ ಅವರ ತಂಡ. ಕಂಡದ್ದು ಏನು? ನಮ್ಮ ಮಕ್ಕಳು ಹುಟ್ಟುವಾಗ ತೂಕದಲ್ಲಿ ಸಣ್ಣ, ಮಾಂಸಖಂಡ ಕಡಿಮೆ, ಆದರೆ ಚರ್ಮದ ಕೆಳಗಿನ ಕೊಬ್ಬು ಅಷ್ಟು ಕಡಿಮೆ ಇರಲ್ಲ. ಗರ್ಭಿಣಿಯಾಗಿದ್ದಾಗ ಸಕ್ಕರೆ ಕಾಯಿಲೆ ಬಂದ ತಾಯಂದಿರ ಮಕ್ಕಳಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ, ಕೊಬ್ಬು ಇನ್ನೂ ಹೆಚ್ಚು. ಅಂದರೆ ಬಡತನದಲ್ಲಿ ಸಣ್ಣಗೆ ಹುಟ್ಟಿದ ಮಗುವಿಗೇ ಮುಂದೆ ಅಗ್ಗದ ಎಣ್ಣೆ, ಅಗ್ಗದ ಸಕ್ಕರೆ ಸಿಕ್ಕಿದರೆ ಹೆಚ್ಚು ಅಪಾಯ. ಹಸಿವು ಮತ್ತು ಬೊಜ್ಜು ಒಂದೇ ಬೀದಿಯಲ್ಲಿ, ಕೆಲವು ಸಲ ಒಂದೇ ಮನೆಯಲ್ಲಿ ಇರೋದು ಇದಕ್ಕೇ.

ಹಾಗಾದರೆ ಚಿಕಿತ್ಸೆ ಏನು? ಮಾತ್ರೆ ಬರೆದು ಕಳಿಸ್ತಾರೆ ಅಂದುಕೊಂಡಿದ್ದೆ. ಆ ದಿನ ಹುಡುಗನನ್ನ ನೋಡಿದ್ದು ಒಬ್ಬರಲ್ಲ, ನಾಲ್ಕು ಜನ.

ಮೊದಲು ಡಾಕ್ಟರು. ಎತ್ತರ 146 ಸೆಂಟಿಮೀಟರ್, ತೂಕ ಅರವತ್ತಮೂರೂವರೆ. ಸೊಂಟದ ಸುತ್ತಳತೆ, ಬಿ.ಪಿ. ತೆಗೆದುಕೊಂಡರು. ರಕ್ತದಲ್ಲಿ ಸಕ್ಕರೆ, ಕೊಬ್ಬು, ಲಿವರ್‌ನ ಪರೀಕ್ಷೆ. ಎತ್ತರ, ತೂಕವನ್ನ ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 2015ರಲ್ಲಿ ನಮ್ಮ ಮಕ್ಕಳಿಗೇ ಅಂತ ಮಾಡಿದ ಚಾರ್ಟಿನಲ್ಲಿ ಗುರುತು ಹಾಕಿದರು. ಅಕ್ಕ ಕೇಳಿದಳು, "ಥೈರಾಯ್ಡ್ ಇರಬಹುದಾ ಡಾಕ್ಟ್ರೇ?" ಎಲ್ಲ ತಾಯಂದಿರ ಮೊದಲ ಪ್ರಶ್ನೆ ಇದೇ ಅಂತೆ. ಹಾರ್ಮೋನ್ ತೊಂದರೆಯಿಂದ ದಪ್ಪ ಆದ ಮಗು ಸಾಮಾನ್ಯವಾಗಿ ಎತ್ತರ ಬೆಳೆಯಲ್ಲ. ಮಗು ಚೆನ್ನಾಗಿ ಉದ್ದ ಬೆಳೀತಾ ಇದ್ದರೆ ಅದೇ ಕಾರಣ ಇರೋ ಸಾಧ್ಯತೆ ತುಂಬಾ ಕಡಿಮೆ.

ಎರಡನೆಯವರು ಆಹಾರ ತಜ್ಞೆ. "ಏನು ಬಿಡಿಸಬೇಕು?" ಅಂತ ಅಕ್ಕ ನೋಟ್‌ಬುಕ್ ತೆಗೆದಳು. ಅವರು ಕೇಳಿದ್ದು, "ನಿಮ್ಮ ಅತ್ತೆ ಏನು ಉಣ್ತಾರೆ?" ಅಂತ. ರಾಗಿ ಮುದ್ದೆ, ಉಪ್ಸಾರು, ಸೊಪ್ಪು, ಹುರುಳಿಕಾಳು, ಅವರೆಕಾಳು. "ಅದನ್ನೇ ಇವನಿಗೂ ಬಡಿಸಿ. ನಿಮಗೂ ಬಡಿಸಿಕೊಳ್ಳಿ. ಅವನೊಬ್ಬನಿಗೆ ಬೇರೆ ತಟ್ಟೆ ಮಾಡಬೇಡಿ." ಮುದ್ದೆ ಅಂತ ಲೆಕ್ಕವಿಲ್ಲದೆ ನುಂಗಿದರೂ ತೂಕ ಏರುತ್ತೆ, ತಟ್ಟೆಯ ಅರ್ಧ ಸೊಪ್ಪು ತರಕಾರಿಗೆ ಬಿಡಿ ಅಂದರು. ಊಟ ತಪ್ಪಿಸೋದು ಮಾತ್ರ ಬೇಡವೇ ಬೇಡ. ಆಮೇಲೆ ಬಾಟಲಿ ಲೆಕ್ಕ. ಒಂದು ಕಾಲು ಲೀಟರ್ ಸಿಹಿ ಸೋಡಾದಲ್ಲಿ ಇಪ್ಪತ್ತೈದು ಗ್ರಾಂಗೂ ಹೆಚ್ಚು ಸಕ್ಕರೆ, ಅಂದರೆ ಆರು ಚಮಚ. ದೊಡ್ಡವರೇ ಇಡೀ ದಿನಕ್ಕೆ ಅಷ್ಟಕ್ಕಿಂತ ಕಡಿಮೆ ತಿಂದರೆ ಒಳ್ಳೇದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಭಾವ ಪ್ರೀತಿಗೆ ಅಂತ ದಿನಾ ಸಂಜೆ ಒಂದು ತರ್ತಾ ಇದ್ದರು.

ಮೂರನೆಯವರು ಆಪ್ತಸಮಾಲೋಚಕಿ. ನಮ್ಮನ್ನೆಲ್ಲ ಹೊರಗೆ ಕಳಿಸಿ ಅವನೊಬ್ಬನ ಹತ್ತಿರ ಮುಕ್ಕಾಲು ಗಂಟೆ ಮಾತಾಡಿದರು. ಟಿಪ್ಪರ್ ಹೆಸರಿನ ನಿಜವಾದ ಭಾರ ಗೊತ್ತಾಗಿದ್ದು ಆಗ. ಆಟದ ಪೀರಿಯಡ್‌ನಲ್ಲಿ ಅವನು ಹೊಟ್ಟೆನೋವು ಅಂತ ಕ್ಲಾಸಲ್ಲೇ ಕೂರ್ತಾ ಇದ್ದ. ಬೇಜಾರಾದಾಗ ತಿಂತಾ ಇದ್ದ, ತಿಂದಿದ್ದಕ್ಕೆ ಬೇಜಾರಾಗ್ತಾ ಇದ್ದ. ನಾವು ಕಂಟ್ರೋಲ್ ಸಿಸ್ಟಮ್ಸ್‌ನಲ್ಲಿ ಇದಕ್ಕೆ ಪಾಸಿಟಿವ್ ಫೀಡ್‌ಬ್ಯಾಕ್ ಅಂತೀವಿ. ಹೆಸರು ಚೆನ್ನಾಗಿದೆ, ಆದರೆ ತಡೆಯೋರಿಲ್ಲದಿದ್ದರೆ ಏರ್ತಾನೇ ಹೋಗೋ ಸುಳಿ ಅದು. ನನ್ನ ಸೈಕಲ್ ಒಪ್ಪಂದ ಆ ಸುಳಿಗೆ ಇನ್ನಷ್ಟು ನೀರು ಬಿಟ್ಟಿತ್ತು.

ನಾಲ್ಕನೆಯವರು ವ್ಯಾಯಾಮದ ವಿಷಯ ನೋಡೋರು. ಓಡು ಅನ್ನಲಿಲ್ಲ. ಮಂಡಿ, ಪಾದ ಪರೀಕ್ಷೆ ಮಾಡಿ ಮೊದಲು ನಡೆಯೋದು, ಆಮೇಲೆ ಆಟ ಅಂದರು. ಈ ವಯಸ್ಸಿಗೆ ದಿನಕ್ಕೆ ಒಂದು ಗಂಟೆ ಮೈ ಬೆವರೋ ಚಟುವಟಿಕೆ ಬೇಕು, ಆದರೆ ಹತ್ತು ನಿಮಿಷದಿಂದ ಶುರು. ರಾತ್ರಿ ಫೋನು ಅಪ್ಪನ ರೂಮಲ್ಲಿ. ಅಪ್ಪನ ಫೋನೂ ಅಲ್ಲೇ.

ಇದಕ್ಕೇ ಬಹುಶಿಸ್ತೀಯ ಚಿಕಿತ್ಸೆ ಅಂತಾರೆ. ಹೆಸರು ಭಾರ, ಅರ್ಥ ಸುಲಭ. ಒಂದು ಮಗುವಿಗೆ ನಾಲ್ಕು ಕೈ, ಮತ್ತೆ ಇಡೀ ಮನೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2023ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಈ ಥರದ ಚಿಕಿತ್ಸೆ ಕೆಲಸ ಮಾಡಬೇಕಾದರೆ ಮೂರರಿಂದ ಹನ್ನೆರಡು ತಿಂಗಳಲ್ಲಿ ಕನಿಷ್ಠ 26 ಗಂಟೆ ಮಗು ಮತ್ತು ಮನೆಯವರ ಜೊತೆ ಎದುರಾಎದುರು ಕೂತು ಮಾತಾಡಬೇಕು ಅಂತಿದೆ. ಹನ್ನೆರಡು ದಾಟಿದವರಿಗೆ ಔಷಧ, ಹದಿಮೂರು ದಾಟಿ ತೀವ್ರ ಬೊಜ್ಜು ಇರೋರಿಗೆ ಶಸ್ತ್ರಚಿಕಿತ್ಸೆಯ ವಿಚಾರವೂ ಅದರಲ್ಲಿದೆ. ಆದರೆ ಅದೆಲ್ಲ ತಜ್ಞರ ತಂಡದ ಕಣ್ಣಳತೆಯಲ್ಲಿ, ಈ ನಾಲ್ಕು ಕೈಗಳ ಜೊತೆಗೆ. ವಾಟ್ಸಾಪಲ್ಲಿ ಬರೋ ಪುಡಿ, ಪರಿಚಯದವರು ಹೇಳಿದ ಇಂಜೆಕ್ಷನ್ ಮಕ್ಕಳ ಹತ್ತಿರ ಸುಳಿಯಬಾರದು.

26 ಗಂಟೆ. ನಾನು ಲೆಕ್ಕ ಹಾಕಿದೆ. 1,560 ನಿಮಿಷ. ನಮ್ಮ ಓ.ಪಿ.ಡಿ.ಯಲ್ಲಿ ಒಂದು ಮಗುವಿಗೆ ಐದು ನಿಮಿಷ ಸಿಕ್ಕಿದರೆ ಪುಣ್ಯ. ಹಾಗಾದರೆ 312 ಸಲ ಹೋಗಬೇಕು!

ಇಲ್ಲಿ ನಮ್ಮ ಕಥೆ ಎಡವಿತು. ಗುಂಡ್ಲುಪೇಟೆಯಿಂದ ಮೈಸೂರಿಗೆ ಸುಮಾರು 60 ಕಿಲೋಮೀಟರ್. ಹದಿನೈದು ದಿನಕ್ಕೊಂದು ಸಲ ಬನ್ನಿ ಅಂದಿದ್ದರು. ಭಾವ ತರಕಾರಿ ವ್ಯಾಪಾರ ಮಾಡೋರು, ತೆರಕಣಾಂಬಿ ಮಾರುಕಟ್ಟೆಯಲ್ಲಿ ಒಂದು ದಿನ ನಿಲ್ಲಲಿಲ್ಲ ಅಂದರೆ ಆ ದಿನದ ದುಡಿಮೆ ಹೋಯ್ತು. ಹುಡುಗನಿಗೆ ಸ್ಕೂಲು ತಪ್ಪುತ್ತೆ. ಬಸ್ಸು, ಊಟ, ಫೀಸು. ಮೂರು ಸಲ ಹೋದರು. ನಾಲ್ಕನೇ ಸಲ ಅಕ್ಕ ಫೋನ್ ಮಾಡಿ, "ಇದೆಲ್ಲ ಸಿಟಿಯವರಿಗೆ ಕನೋ" ಅಂದಳು. ಅವಳು ಹೇಳಿದ್ದು ಸುಳ್ಳಲ್ಲ. ಇಂಥ ಚಿಕಿತ್ಸೆಯಲ್ಲಿ ಅರ್ಧದಲ್ಲೇ ಬಿಡೋರು ಎಲ್ಲ ದೇಶದಲ್ಲೂ ಇದ್ದಾರೆ. ಬಿಡೋರು ಸೋಮಾರಿಗಳು ಅಂತ ನಾವು ಅಂದುಬಿಡ್ತೀವಿ. ಅವರ ಮನೆಯಿಂದ ಆಸ್ಪತ್ರೆಗೆ ಎಷ್ಟು ದೂರ ಅಂತ ಕೇಳಲ್ಲ.

ಆಗ ನಾವು ಡಾಕ್ಟರಿಗೇ ಇದನ್ನ ಹೇಳಿದೆವು. ಅವರು ಬೇರೆ ದಾರಿ ಮಾಡಿದರು. ಮೈಸೂರಿಗೆ ಮೂರು ತಿಂಗಳಿಗೊಂದು ಸಲ. ಸಮಾಲೋಚಕಿ ಮತ್ತು ಆಹಾರ ತಜ್ಞೆ ಭಾನುವಾರ ಸಂಜೆ ವಿಡಿಯೊ ಕಾಲ್‌ನಲ್ಲಿ. ತಿಂಗಳಿಗೊಮ್ಮೆ ಎತ್ತರ, ತೂಕ ಊರಲ್ಲೇ ನರ್ಸಮ್ಮನವರ ಹತ್ತಿರ. ಸ್ಕೂಲಿನ ಪಿ.ಟಿ. ಮೇಷ್ಟರಿಗೆ ಒಂದು ಚೀಟಿ. ಮೇಷ್ಟರು ಆ ಚೀಟಿ ಓದಿ ಮಾಡಿದ ಮೊದಲ ಕೆಲಸ ಏನು ಗೊತ್ತಾ? ಕ್ಲಾಸಿಗೆ ಬಂದು, ಇವನ ಹೆಸರೆತ್ತದೆ, ಇನ್ಮೇಲೆ ಯಾರನ್ನೂ ಅಡ್ಡಹೆಸರಿನಿಂದ ಕರೆಯೋ ಹಾಗಿಲ್ಲ ಅಂದರು. ಔಷಧ ಅಂದರೆ ಅದೂ ಔಷಧವೇ.

ಈಗ ಸರ್ಕಾರಕ್ಕೆ ನನ್ನ ಮಾತು. ಹೊಸ ಯೋಜನೆ ಕೇಳ್ತಾ ಇಲ್ಲ. ಇರೋ ಬಿಡಿಭಾಗಗಳನ್ನ ಜೋಡಿಸಿ ಅಂತಿದ್ದೀನಿ. ಚಾಮರಾಜನಗರದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜಿದೆ, ಅದರ ಬೋಧನಾ ಆಸ್ಪತ್ರೆಯನ್ನ 2021ರಲ್ಲಿ ರಾಷ್ಟ್ರಪತಿಗಳೇ ಬಂದು ಉದ್ಘಾಟಿಸಿದರು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು 2013ರಿಂದ ಶಾಲೆಗಳಿಗೆ ಹೋಗಿ ಮಕ್ಕಳ ಎತ್ತರ, ತೂಕ ನೋಡ್ತಾ ಇವೆ. ಹದಿಹರೆಯದವರಿಗೆ ಅಂತ ಸ್ನೇಹ ಕ್ಲಿನಿಕ್ ಇದೆ, ಅಲ್ಲಿ ಸಮಾಲೋಚಕರ ವ್ಯವಸ್ಥೆ ಇದೆ. ಶಾಲೆಯಲ್ಲಿ ಬಿಸಿಯೂಟ ಇದೆ, ಆಶಾ ಕಾರ್ಯಕರ್ತೆ ಇದ್ದಾರೆ. ಒಬ್ಬರ ರಿಜಿಸ್ಟರ್ ಇನ್ನೊಬ್ಬರ ಟೇಬಲ್ ಮೇಲೆ ಬರೋದಿಲ್ಲ, ಅಷ್ಟೇ ತೊಂದರೆ.

ಇದು ಆಗದ ಮಾತೇನಲ್ಲ. ತೀರಾ ಬಡಕಲಾದ ಮಕ್ಕಳಿಗೆ ನಾವೇ ಮಾಡಿ ತೋರಿಸಿದ್ದೀವಿ. ಪೌಷ್ಟಿಕ ಪುನಶ್ಚೇತನ ಕೇಂದ್ರಗಳಲ್ಲಿ ಡಾಕ್ಟರು, ಆಹಾರ ಸಲಹೆ, ಅಡುಗೆ, ತಾಯಿಗೆ ತಿಳಿವಳಿಕೆ ಎಲ್ಲ ಒಂದೇ ಸೂರಿನ ಕೆಳಗೆ. ಅಲ್ಲಿ ಉಳಿಯೋ ತಾಯಿಗೆ ಕೂಲಿ ನಷ್ಟದ ಪರಿಹಾರ ಕೂಡ. ಕೂಲಿ ಹೋದರೆ ತಾಯಿ ಉಳಿಯಲ್ಲ ಅಂತ ಅದನ್ನ ಮಾಡಿದವರಿಗೆ ಗೊತ್ತಿತ್ತು. ಅದೇ ಬುದ್ಧಿಯಿಂದ ತಾಲ್ಲೂಕು ಆಸ್ಪತ್ರೆಯಲ್ಲಿ ತಿಂಗಳಿಗೊಂದು ದಿನ, ಒಂದು ಕೋಣೆ. ಮೆಡಿಕಲ್ ಕಾಲೇಜಿನಿಂದ ಒಬ್ಬ ಮಕ್ಕಳ ಡಾಕ್ಟರು, ಒಬ್ಬ ಆಹಾರ ತಜ್ಞೆ, ಒಬ್ಬ ಸಮಾಲೋಚಕರು, ಒಬ್ಬ ಪಿ.ಟಿ. ಮೇಷ್ಟರು. ಸಂತೆ ದಿನ ಬಿಟ್ಟು ಬೇರೆ ದಿನ ಇಡಿ. ಅಷ್ಟು ಸಾಕು.

ಇನ್ನೊಂದು ವಿಷಯ. ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಕೊಬ್ಬು, ಉಪ್ಪು, ಸಕ್ಕರೆ ಜಾಸ್ತಿ ಇರೋ ತಿನಿಸು ಮಾರಬಾರದು ಅಂತ ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲೇ ನಿಯಮ ಮಾಡಿದೆ. ಒಂದು ಶಾಲೆಯ ಗೇಟಿನಿಂದ ನಾನು ಹೆಜ್ಜೆ ಹಾಕಿ ಎಣಿಸಿದೆ. ಹದಿನೆಂಟನೇ ಹೆಜ್ಜೆಗೆ ಪೊಟ್ಟಣಗಳ ತೋರಣ, ಐದೈದು ರೂಪಾಯಿ. ಅಂಗಡಿಯ ಅಮ್ಮನನ್ನ ಬೈಯೋಕೆ ಬಾಯಿ ಬರಲಿಲ್ಲ, ಆಕೆಯೂ ಹೊಟ್ಟೆಪಾಡಿಗೆ ಕೂತಿರೋರು. ಪಕ್ಕದಲ್ಲೇ ಗುಂಡ್ಲುಪೇಟೆ ಬಾಳೆಹಣ್ಣಿನ ಗೊನೆ ತೂಗುತ್ತಿತ್ತು. ಮಕ್ಕಳು ಅದನ್ನ ಯಾಕೆ ತಗೊಳ್ಳಲ್ಲ ಅಂತ ಕೇಳಿದೆ. "ಅದು ಟಿ.ವೀಲಿ ಬರಲ್ವಲ್ಲ ಸಾ" ಅಂದರು.

ಆ ಅಮ್ಮನಿಗೆ ನಾನು ಯಾರು ಅಂತ ಗೊತ್ತಿರಲಿಲ್ಲ. ವೀಕ್ಷಕರೇ, ನನ್ನ ಈ ಮಾತು ಮುಗಿದ ತಕ್ಷಣ ಬ್ರೇಕ್ ಬರುತ್ತೆ. ಆ ಬ್ರೇಕಿನಲ್ಲಿ ಏನು ಬರುತ್ತೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ನನ್ನ ಸಂಬಳದಲ್ಲಿ ಆ ಬಾಟಲಿಯ ಪಾಲೂ ಇದೆ. ಇದನ್ನ ಹೇಳದೆ ಅಂಗಡಿಯವರಿಗೆ ಬುದ್ಧಿ ಹೇಳೋ ಯೋಗ್ಯತೆ ನನಗಿಲ್ಲ. ಮಕ್ಕಳು ನೋಡೋ ಹೊತ್ತಲ್ಲಾದರೂ ಅವು ಬೇಡ ಅಂತ ನಮ್ಮ ಆಫೀಸಿನಲ್ಲಿ ಕೇಳಿದ್ದೀನಿ. ಉತ್ತರ ಬಂದಿಲ್ಲ. ಮತ್ತೆ ಕೇಳ್ತೀನಿ.

ಹುಡುಗ ಈಗ ಹೇಗಿದ್ದಾನೆ ಅಂತ ಕೇಳ್ತೀರಿ. ಪವಾಡ ಏನೂ ಆಗಿಲ್ಲ. ಹತ್ತು ತಿಂಗಳಾಯಿತು, ತೂಕ ಅರವತ್ತೆರಡೂವರೆ. ಮೊದಲ ದಿನಕ್ಕಿಂತ ಒಂದು ಕೆ.ಜಿ. ಕಡಿಮೆ ಅಷ್ಟೇ. ಅಕ್ಕ ಸಪ್ಪೆ ಮುಖ ಮಾಡಿದ್ದಳು. ಡಾಕ್ಟರು ಎತ್ತರದ ಗೆರೆ ತೋರಿಸಿದರು. 152 ಸೆಂಟಿಮೀಟರ್, ಆರು ಸೆಂಟಿಮೀಟರ್ ಬೆಳೆದಿದ್ದಾನೆ. ಬೆಳೆಯೋ ಮಗು ತೂಕ ಇಳಿಸಲೇಬೇಕು ಅಂತಿಲ್ಲ, ತೂಕ ನಿಂತು ಎತ್ತರ ಏರಿದರೂ ಗೆದ್ದ ಹಾಗೆ. ಬಿ.ಎಂ.ಐ. ಹತ್ತಿರ ಹತ್ತಿರ 30 ಇದ್ದದ್ದು 27ಕ್ಕೆ ಬಂದಿದೆ. ಚಾರ್ಟಿನ ಬೊಜ್ಜಿನ ಗೆರೆಗಿಂತ ಇನ್ನೂ ಮೇಲೇ ಇದ್ದಾನೆ, ಆದರೆ ಮುಖ ಕೆಳಗೆ ತಿರುಗಿದೆ. ಕತ್ತಿನ ಕಪ್ಪು ಸ್ವಲ್ಪ ತಿಳಿಯಾಗಿದೆ. ಯಾರೂ ಉಜ್ಜಿಲ್ಲ.

ಸಂಜೆ ಅಜ್ಜನ ಜೊತೆ ಹೊಲದ ಪಂಪ್‌ಸೆಟ್ ಆಫ್ ಮಾಡೋಕೆ ನಡೆದು ಹೋಗ್ತಾನೆ. ಹೋಗಿಬರೋಕೆ ಮೂರು ಕಿಲೋಮೀಟರ್. ಸೈಕಲ್ ಕೊಡಿಸಿದೆ. ಯಾವ ಒಪ್ಪಂದವೂ ಇಲ್ಲದೆ, ಸುಮ್ಮನೆ ಕೊಡಿಸಿದೆ. ಅವನು ಒಂದು ಸಲ ತೂಕದ ಯಂತ್ರ ನೋಡಿ, ಒಂದು ಸಲ ನನ್ನ ಮುಖ ನೋಡಿ ಕೇಳಿದ, "ಐದು ಕೆ.ಜಿ. ಇಳೀಲಿಲ್ವಲ್ಲ ಮಾವ?" ನಾನಂದೆ, "ಅದು ನನ್ನ ತಪ್ಪು ಲೆಕ್ಕ ಕಣೋ, ನಿಂದಲ್ಲ."

ಇವತ್ತು ರಾತ್ರಿ ನಿಮ್ಮ ಮಗು ಮಲಗಿದ ಮೇಲೆ ಅದರ ಕತ್ತಿನ ಹಿಂದೆ ಒಂದು ಸಲ ನೋಡಿ. ಕಪ್ಪು ಕಂಡರೆ ಬೈಬೇಡಿ, ಉಜ್ಜಬೇಡಿ, ನಗಬೇಡಿ. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಹೋಗುವಾಗ ಮನೆಯವರೆಲ್ಲ ಹೋಗಿ.